ಹೊಗೆ ಕಡಿಮೆ ಮಾಡುವ ಒಲೆ ಬಂದರೂ ಹಳೆಯ ಒಲೆ ಏಕೆ ಆರುತ್ತಿಲ್ಲ?

ಪ್ರಶ್ನೆ: ಮಹಿಳಾ ಸ್ವಸಹಾಯ ಸಂಘದ ಕಾರ್ಯದರ್ಶಿ, ಶಿರಾ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದಲ್ಲಿ ಇಪ್ಪತ್ತೆರಡು ಮನೆಗಳ ಹೆಣ್ಣುಮಕ್ಕಳಿದ್ದೇವೆ. ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆ. ಆದರೆ ಅದು ಟೀ ಕಾಯಿಸುವುದಕ್ಕೆ ಮತ್ತು ನೆಂಟರು ಬಂದಾಗಿನ ಅಡುಗೆಗೆ ಮಾತ್ರ. ಮುದ್ದೆ, ಹುರುಳಿ, ಸ್ನಾನದ ನೀರು ಎಲ್ಲವೂ ಇಂದಿಗೂ ಸೌದೆಯಲ್ಲೇ ಆಗುತ್ತವೆ. ಊದುಕೊಳವೆ ಹಿಡಿದು ಕೂತರೆ ಕಣ್ಣಲ್ಲಿ ನೀರು ಇಳಿಯುತ್ತದೆ, ತಲೆ ಎತ್ತಿದರೆ ಜಂತೆಯಿಂದ ಇಲ್ಲಣ ಜೋತಾಡುತ್ತಿರುತ್ತದೆ. ನಮ್ಮ ಅತ್ತೆಯವರು ಬೀಡಿ ಮುಟ್ಟಿದವರಲ್ಲ, ಆದರೂ ವರ್ಷವಿಡೀ ಕೆಮ್ಮುತ್ತಾರೆ.

ಕೆಲವು ವರ್ಷಗಳ ಹಿಂದೆ ಸಂಸ್ಥೆಯೊಂದು ಊರಿಗೆ ಬಂದು, ಒಂದು ಪಾತ್ರೆ ಇಡುವ ತಗಡಿನ ಒಲೆಗಳನ್ನು ಹಂಚಿ, ಫೋಟೊ ತೆಗೆದುಕೊಂಡು ಹೋಯಿತು. ಈಗ ಒಂದರಲ್ಲಿ ಈರುಳ್ಳಿ ತುಂಬಿಟ್ಟಿದ್ದಾರೆ, ಉಳಿದವು ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿವೆ. ಸಂಘದ ಉಳಿತಾಯದಿಂದ ಈ ಬಾರಿ ನಾವೇ ಏನಾದರೂ ಮಾಡೋಣವೆಂದಿದ್ದೇವೆ. ಯಾವ ಒಲೆ ಆರಿಸಬೇಕು, ಹಿರಿಯರನ್ನು ಒಪ್ಪಿಸುವುದು ಹೇಗೆ ಎಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಒಲೆ ಕಟ್ಟುವ ಕೆಲಸ ಮಾಡಿದವರು, ಕುಣಿಗಲ್ ಕಡೆ

ತಂಗಿ, ನಿಮ್ಮ ಊರಿನ ತಗಡಿನ ಒಲೆ ಸೋತದ್ದೆಲ್ಲಿ ಎಂದು ನೋಡದೆಯೂ ಊಹಿಸಬಲ್ಲೆ. ಮುದ್ದೆ ತೊಳಸುವಾಗ ಪಾತ್ರೆಗೆ ಕವೆಗೋಲು ಒತ್ತಿ, ಎರಡೂ ಕೈಯಿಂದ ಕೋಲು ತಿರುಗಿಸುವ ಬಲಕ್ಕೆ ಹಗುರವಾದ ಒಲೆ ನಿಲ್ಲುವುದಿಲ್ಲ. ಕುದಿಯುವ ಹಿಟ್ಟು ಒಮ್ಮೆ ಕಾಲ ಮೇಲೆ ಚೆಲ್ಲಿದ ಮೇಲೆ ಆ ಒಲೆಯನ್ನು ಯಾರು ತಾನೇ ಮತ್ತೆ ಹಚ್ಚುತ್ತಾರೆ? ಒಪ್ಪಿಸಬೇಕಾದದ್ದು ಹಿರಿಯರನ್ನಲ್ಲ, ಒಲೆಯನ್ನು.

ನಮ್ಮ ಜಿಲ್ಲೆಗೆ ಈ ವಿಷಯ ಹೊಸತೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದಿತ್ತು. ಮಣ್ಣಿನಲ್ಲಿ ಕಟ್ಟುವ, ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯುಳ್ಳ ‘ಅಸ್ತ್ರ ಒಲೆ’ ಆ ಕೇಂದ್ರದ ಕೆಲಸದಿಂದಲೇ ಬಂದದ್ದು. ಬೆಂಕಿಯ ಕೆಳಗೆ ಕಬ್ಬಿಣದ ಜಾಲರಿ ಇರುವುದರಿಂದ ಗಾಳಿ ಅಡಿಯಿಂದ ಬರುತ್ತದೆ, ಊದುವ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ. ಹೊಗೆಯೆಂದರೆ ಪೂರ್ತಿ ಉರಿಯದೆ ಉಳಿದ ಸೌದೆಯೇ ಅಲ್ಲವೇ!

ಕೇಂದ್ರ ಸರ್ಕಾರವೂ 1983ರ ಕೊನೆಯಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿ, 2002ರಲ್ಲಿ ಅದನ್ನು ನಿಲ್ಲಿಸುವ ಹೊತ್ತಿಗೆ ದೇಶದಾದ್ಯಂತ ಮೂರು ಕೋಟಿಗೂ ಮೀರಿ ಒಲೆಗಳನ್ನು ಕಟ್ಟಿಸಿತ್ತು. ಅವುಗಳಲ್ಲಿ ಬಹಳಷ್ಟು ಬೇಗನೆ ಮೂಲೆಗುಂಪಾದವು. ಕಟ್ಟಿದ್ದಕ್ಕೆ ಲೆಕ್ಕವಿತ್ತು, ಬಿರುಕು ಮೆತ್ತುವುದಕ್ಕೆ ಯಾರೂ ಇರಲಿಲ್ಲ. ಹಾಗಾಗಿ ನಿಮ್ಮ ಸಂಘದ ಇಬ್ಬರು ಮೊದಲು ಒಲೆ ಕಟ್ಟುವುದನ್ನು ಕಲಿಯಲಿ. ಬಾಯಿಯ ಅಳತೆಯನ್ನು ನಿಮ್ಮ ಮುದ್ದೆ ಪಾತ್ರೆಯನ್ನೇ ಇಟ್ಟು ತೆಗೆದುಕೊಳ್ಳಿ.

ಉತ್ತರ 2: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದ ವೈದ್ಯೆ

ಮೊದಲು ನಿಮ್ಮ ಅತ್ತೆಯವರ ವಿಷಯ: ಬೀಡಿ ಸೇದದ ಹೆಂಗಸರಿಗೂ ಒಲೆಯ ಹೊಗೆಯಿಂದ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ ಬರುತ್ತದೆ. ಎರಡು ವಾರ ಮೀರಿದ ಕೆಮ್ಮಾದ್ದರಿಂದ ಕಫ ಪರೀಕ್ಷೆಯನ್ನೂ ಮಾಡಿಸಿ. ಎಲ್ಲವನ್ನೂ ಹೊಗೆಯ ತಲೆಗೆ ಕಟ್ಟಿ ಕ್ಷಯವನ್ನು ಕಡೆಗಣಿಸಬಾರದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ, ಅವರಲ್ಲಿ 2.37 ಲಕ್ಷ ಮಂದಿ ಐದು ವರ್ಷದೊಳಗಿನ ಮಕ್ಕಳು.

ಹಿಂದಿನ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ರೆಮಾ ಹನ್ನಾ, ಎಸ್ತರ್ ಡಫ್ಲೋ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಒಡಿಶಾದ ಹಳ್ಳಿಗಳಲ್ಲಿ ಕೊಳವೆಯುಳ್ಳ ಮಣ್ಣಿನ ಒಲೆಗಳ ಮೇಲೆ ನಾಲ್ಕು ವರ್ಷಗಳವರೆಗೆ ನಡೆಸಿದ ಅಧ್ಯಯನದಲ್ಲಿ, ಮೊದಲ ವರ್ಷ ಅಡುಗೆಯವರ ಒಡಲು ಸೇರುವ ಹೊಗೆ ಕಡಿಮೆಯಾಗಿ, ಮುಂದೆ ಆ ಲಾಭ ಕಾಣದಾಯಿತು. ಜನ ಹಳೆಯ ಒಲೆಯನ್ನು ಬಿಟ್ಟಿರಲಿಲ್ಲ, ಹೊಸದರ ಕೊಳವೆಯನ್ನು ಸರಿಯಾಗಿ ನೋಡಿಕೊಂಡಿರಲಿಲ್ಲ. ಕೊಳವೆಯಿದ್ದ ಮಾತ್ರಕ್ಕೆ ಹೊಗೆ ಉರಿದುಹೋಗುವುದಿಲ್ಲ, ಹೊರಗೆ ಹೋಗುತ್ತದೆ ಅಷ್ಟೇ. ಕೊಳವೆಯ ತುದಿ ಮಾಡಿಗಿಂತ ತಗ್ಗಿನಲ್ಲಿ ನಿಂತರೆ ಆ ಹೊಗೆ ಪಕ್ಕದ ಮನೆಯ ಕಿಟಕಿಗೇ ನುಗ್ಗುತ್ತದೆ. ಪುಟ್ಟ ಮಕ್ಕಳು ಮತ್ತು ಬಸುರಿಯರಿರುವ ಮನೆಗಳಲ್ಲಾದರೂ ದಿನದ ಅಡುಗೆ ಗ್ಯಾಸಿನಲ್ಲಿ ಆಗಲಿ ಎಂಬುದು ನನ್ನ ಅಭಿಪ್ರಾಯ.

ಉತ್ತರ 3: ಗೃಹಿಣಿ, ಸಾಗರ

ಡಾಕ್ಟರ್ ಹೇಳಿದ್ದು ಸರಿ, ಆದರೆ ಸಿಲಿಂಡರ್ ತುಂಬಿಸುವ ದುಡ್ಡು ಒಮ್ಮೆಗೇ ಕೈಯಿಂದ ಹೋಗಬೇಕಲ್ಲ! ಉಜ್ವಲಾ ಸಂಪರ್ಕವಿದ್ದವರಿಗೆ 2023ರ ಅಕ್ಟೋಬರಿನಿಂದ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಆಗಿದೆ ನಿಜ, ಆದರೆ ಅದು ಬ್ಯಾಂಕಿಗೆ ಬರುವುದು ಪೂರ್ತಿ ಹಣ ಕೊಟ್ಟ ಮೇಲೆ. 14.2 ಕಿಲೋ ಸಿಲಿಂಡರ್ ಕಷ್ಟವೆನಿಸುವವರು 5 ಕಿಲೋದ್ದನ್ನು ವಿಚಾರಿಸಬಹುದು. ಸಂಘದಿಂದ ಒಲೆಗಿಂತ ಮೊದಲು ಸಿಲಿಂಡರಿಗೆ ಕೈಸಾಲ ಕೊಡುವ ಏರ್ಪಾಡು ಮಾಡಿದರೆ ಹೇಗೆ?

ನಮ್ಮಲ್ಲಿ ಗೋಬರ್ ಗ್ಯಾಸ್ ಇದೆ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಹೆಚ್ಚುಕಡಿಮೆ ಅಷ್ಟೇ ನೀರು ಬೇಕು. ನಿಮ್ಮ ಕಡೆಯ ಬೇಸಿಗೆಯಲ್ಲಿ ಆ ನೀರನ್ನು ಹೊಂದಿಸುವುದು ಸುಲಭವಲ್ಲ. ಆದರೆ ಒಂದು ಸಂಗತಿ: ಗ್ಯಾಸ್ ಬಂದ ಮೇಲೂ ನಮ್ಮ ಮನೆಯ ಹೊಗೆ ನಿಂತಿರಲಿಲ್ಲ, ಏಕೆಂದರೆ ಬಚ್ಚಲ ಹಂಡೆಯ ಒಲೆ ಅಡುಗೆಮನೆಯ ಗೋಡೆಗೇ ಅಂಟಿಕೊಂಡಿತ್ತು. ಅದನ್ನು ಹಿತ್ತಲಿಗೆ ಸಾಗಿಸಿದ ಮೇಲೆಯೇ ಗೋಡೆ ಬೆಳ್ಳಗೆ ಉಳಿಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಂಡೆಯ ಒಲೆ ನನ್ನ ತಲೆಗೇ ಹೊಳೆದಿರಲಿಲ್ಲ. ನಿನ್ನೆ ಎಣಿಸಿದಾಗ ಹದಿನಾಲ್ಕು ಮನೆಗಳಲ್ಲಿ ಅದು ಒಳಗೇ ಇದೆ. ಮೊದಲು ಅವನ್ನು ಹೊರಗೆ ಹಾಕಿಸಿ, ಮೂರು ಮನೆಗಳಲ್ಲಿ ಮಾತ್ರ ಕೊಳವೆಯ ಒಲೆ ಕಟ್ಟಿಸಿ, ಒಂದು ಮಳೆಗಾಲ ನೋಡುತ್ತೇವೆ. ಕುಣಿಗಲ್ ಅಣ್ಣನವರೇ, ಅಟ್ಟದಲ್ಲಿಟ್ಟ ಬಿತ್ತನೆ ಕಾಳಿಗೆ ಹೊಗೆ ಇಲ್ಲದಿದ್ದರೆ ಹುಳು ಬೀಳುತ್ತದೆಂದು ಅತ್ತೆಯವರು ತಕರಾರು ತೆಗೆದಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ 1ರವರು ಮತ್ತೆ

ಅವರ ಮಾತಿನಲ್ಲಿ ಹುರುಳಿದೆ, ತಳ್ಳಿಹಾಕಬೇಡಿ. ಕಾಳನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಮತ್ತು ಜರಡಿ ಹಿಡಿದ ಒಲೆಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಕಟ್ಟಿಡಲಿ. ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆ, ಒಲೆ ತಣ್ಣಗಿರುವಾಗ, ಉದ್ದನೆಯ ಕೋಲಿಗೆ ಗೋಣಿ ಸುತ್ತಿ ತೆಗೆಯಿರಿ.