ಲಾಂಚ್ ಕಂಟ್ರೋಲ್ ಡಬ್ಬಿ ತರಿಸಿದ್ದೇನೆ, ವೈರ್ ಎಲ್ಲಿಗೆ ಜೋಡಿಸಲಿ?

ಪ್ರಶ್ನೆ (ಹುಬ್ಬಳ್ಳಿ ನವನಗರದ ಸದಸ್ಯರು):

ಅಣ್ಣಾರೆ, ನಮಸ್ಕಾರ. ನನ್ನದು 2021ರ ಪೋಲೊ, 1.0 ಟಿಎಸ್‌ಐ, 6 ಗೇರಿನ ಮ್ಯಾನುವಲ್ ಗಾಡಿ. ಹೋದ ವರ್ಷ ಬೆಂಗಳೂರಿನಲ್ಲಿ ರಿಮ್ಯಾಪ್ (ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾವಣೆ) ಮಾಡಿಸಿದ್ದೇನೆ. ಈಗ ಆನ್‌ಲೈನ್‌ನಲ್ಲಿ ಒಂದು ಡಬ್ಬಿ ತರಿಸಿದ್ದೇನೆ. ರೆವ್ ಲಿಮಿಟರ್, ಲಾಂಚ್ ಕಂಟ್ರೋಲ್ ಎರಡೂ ಅದರಲ್ಲೇ ಇವೆ, ಎಲ್ಲ ಗಾಡಿಗೂ ಆಗುತ್ತದೆ ಎಂದು ಮೇಲೆ ಬರೆದಿದೆ. ಒಟ್ಟು ನಾಲ್ಕೇ ವೈರ್. ಗಾಡಿ ನಿಂತಲ್ಲೇ ಪಟಪಟ ಸಿಡಿದು, ಕ್ಲಚ್ ಬಿಟ್ಟ ಕೂಡಲೇ ಚಿಮ್ಮಿ ಹೋಗುವ ವಿಡಿಯೊ ನೋಡಿ ಆಸೆಯಾಯಿತು. ಕೆಂಪು ಬ್ಯಾಟರಿಗೆ, ಕಪ್ಪು ಅರ್ಥ್‌ಗೆ, ಅಷ್ಟು ಗೊತ್ತು. ಹಳದಿ ಮತ್ತು ಬಿಳಿ ಎಲ್ಲಿಗೆ ಹೋಗಬೇಕು? ಮನೆಯಲ್ಲಿ ನಾನೇ ಹಾಕಬಹುದಾ?

ಉತ್ತರ:

ತಮ್ಮಾ, ಆ ಡಬ್ಬಿಯನ್ನು ನಿನ್ನ ಗಾಡಿಗೆ ಹಾಕಬೇಡ. ವಾಪಸ್ ಕಳಿಸುವ ಅವಧಿ ಇದ್ದರೆ ಇವತ್ತೇ ಕಳಿಸು. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ರೆವ್ ಲಿಮಿಟರ್ ಕೆಲಸ ಇಷ್ಟೇ: ಇಂಜಿನ್ ಒಂದು ಮಿತಿಗಿಂತ ಜಾಸ್ತಿ ತಿರುಗದಂತೆ ತಡೆಯುವುದು. ಅದಕ್ಕೆ ಎರಡು ದಾರಿ ಇವೆ. ಪೆಟ್ರೋಲ್ ನಿಲ್ಲಿಸುವುದು ಒಂದು, ಪ್ಲಗ್‌ನ ಕಿಡಿ ನಿಲ್ಲಿಸುವುದು ಇನ್ನೊಂದು. ನಿನ್ನ ಪೋಲೊದಲ್ಲಿ ಕಂಪನಿಯವರೇ ಇಟ್ಟ ಲಿಮಿಟರ್ ಇದ್ದೇ ಇದೆ, ಅದು ಪೆಟ್ರೋಲ್ ನಿಲ್ಲಿಸುತ್ತದೆ. ಪೆಟ್ರೋಲ್ ಇಲ್ಲ ಅಂದ ಮೇಲೆ ಉರಿಯುವುದು ಏನೂ ಇಲ್ಲ, ಯಾವುದಕ್ಕೂ ಪೆಟ್ಟಿಲ್ಲ. ನೀನು ತಂದಿರುವ ಡಬ್ಬಿ ಕಿಡಿ ಕತ್ತರಿಸುತ್ತದೆ. ಆಗ ಪೆಟ್ರೋಲ್ ಸಿಲಿಂಡರ್‌ಗೆ ಬರುತ್ತಲೇ ಇರುತ್ತದೆ. ಉರಿಯದೆ ಹಾಗೇ ಎಕ್ಸಾಸ್ಟ್‌ಗೆ ಹೋಗಿ, ಅಲ್ಲಿನ ಬಿಸಿಗೆ ಹೊತ್ತಿಕೊಳ್ಳುತ್ತದೆ. ನೀನು ಕೇಳಿದ ಪಟಪಟ ಸದ್ದು ಅದೇ. ಉರಿಯುವ ಜಾಗ ಯಾವುದು ನೋಡು: ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಗಾಳಿ ತುಂಬುವ ಚಕ್ರ), ಅದರ ಪಕ್ಕದ ಆಕ್ಸಿಜನ್ ಸೆನ್ಸರ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಕ್ಯಾಟ್ ಒಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ತೂತಿನ ಸೆರಾಮಿಕ್ ಇರುತ್ತದೆ. ಆ ಬಿಸಿಗೆ ಅದು ಕರಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಗಾಡಿ ಎಳೆಯುವುದೇ ಇಲ್ಲ.

ಎರಡನೇ ಕಾರಣ ವೈರಿಂಗ್‌ನದು. ನಾಲ್ಕು ವೈರಿನ ಈ ಡಬ್ಬಿಗಳು ಒಂದೇ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ಇರುವ ಹಳೆ ಗಾಡಿಗೆ ಸರಿ. ನಿನ್ನ ಇಂಜಿನ್‌ನಲ್ಲಿ ಮೂರು ಸಿಲಿಂಡರ್, ಒಂದೊಂದು ಪ್ಲಗ್‌ನ ತಲೆಯ ಮೇಲೆ ಒಂದೊಂದು ಕಾಯಿಲ್. ಒಂದು ಹಳದಿ ವೈರ್ ಮೂರು ಕಾಯಿಲ್ ನೋಡಿಕೊಳ್ಳುವುದು ಹೇಗೆ? ಕೆಲವರು ಮೂರೂ ಕಾಯಿಲ್‌ಗೆ ಹೋಗುವ ಮೇನ್ ಕರೆಂಟನ್ನೇ ರಿಲೇ ಇಟ್ಟು ಕತ್ತರಿಸುತ್ತಾರೆ. ಇದು ನನಗೆ ಬಹಳ ಹೆದರಿಕೆ ತರಿಸುವ ಕೆಲಸ. ಕಾಯಿಲ್ ಚಾರ್ಜ್ ಆಗುತ್ತಿರುವಾಗಲೇ ಕರೆಂಟ್ ಹೋದರೆ ಅದು ಆ ಕ್ಷಣದಲ್ಲೇ ಕಿಡಿ ಬಿಡುತ್ತದೆ, ಅಂದರೆ ಹೊತ್ತಿಗೆ ಮೊದಲೇ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗ ಒಳಗೆ ಉರಿದರೆ, ಪೆಟ್ಟು ನೇರ ಪಿಸ್ಟನ್ ತಲೆಗೆ ಮತ್ತು ಕನೆಕ್ಟಿಂಗ್ ರಾಡ್‌ಗೆ ಬೀಳುತ್ತದೆ. ಜೊತೆಗೆ ಇಸಿಯು, ಅಂದರೆ ಇಂಜಿನ್‌ನ ಕಂಪ್ಯೂಟರ್, ಇದನ್ನು ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಸರಿಯಾಗಿ ಉರಿಯದಿರುವುದು) ಎಂದುಕೊಳ್ಳುತ್ತದೆ. ಪಿ0300 ಕೋಡ್ ಬರುತ್ತದೆ, ಚೆಕ್ ಇಂಜಿನ್ ದೀಪ ಮಿಣುಕುತ್ತದೆ.

ಈಗ ಲಾಂಚ್ ಕಂಟ್ರೋಲ್. ಅದು ಮಂತ್ರವಲ್ಲ, ಇನ್ನೊಂದು ರೆವ್ ಲಿಮಿಟರ್ ಅಷ್ಟೇ, ಮಿತಿ ಸ್ವಲ್ಪ ಕೆಳಗೆ. ಕ್ಲಚ್ ಒತ್ತಿದೆ, ಗಾಡಿ ನಿಂತಿದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದೆ, ಇಷ್ಟೂ ಕೂಡಿದಾಗ ಇಂಜಿನ್ ವೇಗ 3500 ಅಥವಾ 4000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮೀರದೆ ಅಲ್ಲೇ ನಿಲ್ಲುತ್ತದೆ. ಕ್ಲಚ್ ಬಿಟ್ಟರೆ ಮೇಲಿನ ಮಿತಿಗೆ ಹೋಗುತ್ತದೆ. ಎರಡು ಮಿತಿ ಇರುವುದಕ್ಕೇ ಇದನ್ನು ಟೂ-ಸ್ಟೆಪ್ ಎನ್ನುತ್ತಾರೆ. ಟರ್ಬೊ ಗಾಡಿಯಲ್ಲಿ ನಿಂತಾಗ ಕಿಡಿಯನ್ನು ಬೇಕಂತಲೇ ತಡ ಮಾಡುತ್ತಾರೆ. ಬೆಂಕಿ ಇನ್ನೂ ಆರದೆ ಎಕ್ಸಾಸ್ಟ್‌ಗೆ ಹೋಗಿ ಟರ್ಬೊ ಚಕ್ರವನ್ನು ತಿರುಗಿಸುತ್ತದೆ, ಹೊರಡುವ ಮೊದಲೇ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ತಯಾರಾಗುತ್ತದೆ. ಇದರಲ್ಲಿ ಲಾಭವಿರುವುದು ನಿಜ. ಆದರೆ ಬಿಸಿಯೂ ಅಷ್ಟೇ ಜಾಸ್ತಿ, ಆದ್ದರಿಂದ ಮೂರ್ನಾಲ್ಕು ಸೆಕೆಂಡ್ ಮೀರಿ ಹಿಡಿಯಬಾರದು.

ನಿನಗೆ ನಿಜವಾಗಿ ಬೇಕಿದ್ದರೆ ಇದನ್ನು ಇಸಿಯು ಒಳಗೇ ಮಾಡಿಸು. ರಿಮ್ಯಾಪ್ ಮಾಡಿದವರನ್ನೇ ಕೇಳು. ಕ್ಲಚ್ ಸ್ವಿಚ್, ಗಾಡಿಯ ವೇಗ, ಆಕ್ಸಿಲರೇಟರ್, ಕೂಲಂಟ್ ಬಿಸಿ ಇವೆಲ್ಲ ಇಸಿಯುಗೆ ಮೊದಲೇ ಗೊತ್ತಿರುತ್ತವೆ. ಒಂದು ವೈರ್ ಕೂಡ ಕತ್ತರಿಸಬೇಕಾಗಿಲ್ಲ. ಇಂಜಿನ್ ಬಿಸಿಯಾಗುವ ಮೊದಲು ಲಾಂಚ್ ಆಗದಂತೆ ಬೀಗ ಹಾಕಬಹುದು, ಹಿಡಿಯುವ ಸಮಯಕ್ಕೂ ಮಿತಿ ಇಡಬಹುದು. ಡಬ್ಬಿಗೆ ಇದು ಯಾವುದೂ ಆಗುವುದಿಲ್ಲ.

ಮನೆಯಲ್ಲಿ ನಾನೇ ಹಾಕಬಹುದಾ ಎಂದು ಕೇಳಿದೆಯಲ್ಲ, ಅದಕ್ಕೆ ಒಂದು ಸಂಗತಿ ಹೇಳಬೇಕು. ಒಂದು ಮಳೆಗಾಲದಲ್ಲಿ ನನ್ನ ಶೆಡ್‌ಗೆ ಒಂದು ಗಾಡಿಯನ್ನು ಎಳೆದುಕೊಂಡು ತಂದರು. ಕಲಘಟಗಿ ರಸ್ತೆಯಲ್ಲಿ ರಾತ್ರಿ, ಓವರ್‌ಟೇಕ್ ಮಾಡುವಾಗ ಇಂಜಿನ್ ಆಫ್ ಆಗಿತ್ತು. ಓಡಿಸುತ್ತಿದ್ದ ಹುಡುಗನ ತಾಯಿಯೂ ಗಾಡಿಯಲ್ಲಿದ್ದರು. ಎದುರಿನ ಲಾರಿಯವರು ಬ್ರೇಕ್ ಹಾಕಿದ್ದಕ್ಕೆ ಉಳಿದರು. ನಾನು ಬಾನೆಟ್ ತೆಗೆದು ನೋಡಿದೆ. ಕ್ರ್ಯಾಂಕ್ ಸೆನ್ಸರ್‌ನ ವೈರನ್ನು ಬ್ಲೇಡಿನಿಂದ ಕೆರೆದು, ಡಬ್ಬಿಯ ವೈರ್ ಸುತ್ತಿ, ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿದ್ದರು. ಇಂಜಿನ್ ಬಿಸಿಗೆ ಟೇಪಿನ ಅಂಟು ಬಿಟ್ಟಿತ್ತು, ಮಳೆ ನೀರು ಒಳಗೆ ಇಳಿದಿತ್ತು. ಇಂಜಿನ್ ತಿರುಗುತ್ತಿದೆ ಎಂದು ಇಸಿಯುಗೆ ತಿಳಿಸುವುದು ಆ ಸೆನ್ಸರ್. ಅದರ ಸಿಗ್ನಲ್ ಹೋದರೆ ಕಿಡಿ, ಪೆಟ್ರೋಲ್ ಎರಡೂ ನಿಲ್ಲುತ್ತವೆ. ಆ ಗಾಡಿ ಸರಿಮಾಡಲು ನನಗೆ ಅರ್ಧ ದಿನ ಬೇಕಾಯಿತು. ಆ ತಾಯಿ ಅಷ್ಟೂ ಹೊತ್ತು ಶೆಡ್ ಮುಂದಿನ ಕಟ್ಟೆಯ ಮೇಲೆ ಮಾತಿಲ್ಲದೆ ಕುಳಿತಿದ್ದರು. ಆ ಮುಖ ನನಗೆ ಮರೆತಿಲ್ಲ.

ಪ್ರಶ್ನೆ (ರಾಣೆಬೆನ್ನೂರಿನ ಸದಸ್ಯರು):

ಸರ್, ಹಾಗಾದರೆ ಹಳೆ ಗಾಡಿಗೆ ಈ ಡಬ್ಬಿ ಹಾಕಬಹುದು ಅಲ್ವಾ? ನನ್ನದು ಕಾರ್ಬುರೇಟರ್ ಇರುವ ಎಸ್ಟೀಮ್, ಡಿಸ್ಟ್ರಿಬ್ಯೂಟರ್ (ಒಂದು ಕಾಯಿಲ್‌ನ ಕಿಡಿಯನ್ನು ಎಲ್ಲ ಪ್ಲಗ್‌ಗೆ ಹಂಚುವ ಭಾಗ) ಇದೆ. ಡಬ್ಬಿ ಹಾಕಿದ್ದೇನೆ. 6000ಕ್ಕೆ ಸೆಟ್ ಮಾಡಿದರೆ 3000ಕ್ಕೇ ಕಟ್ ಆಗುತ್ತಿದೆ. ಡಬ್ಬಿ ಕೆಟ್ಟಿದೆಯಾ?

ಉತ್ತರ:

ಕೆಟ್ಟಿಲ್ಲ ಸರ್, ಎಣಿಕೆ ತಪ್ಪಿದೆ. ನಿಮ್ಮದು ನಾಲ್ಕು ಸಿಲಿಂಡರ್, ಒಂದೇ ಕಾಯಿಲ್. ಇಂಜಿನ್ ಒಂದು ಸುತ್ತು ತಿರುಗಿದರೆ ಕಾಯಿಲ್ ಎರಡು ಸಲ ಕಿಡಿ ಕೊಡುತ್ತದೆ. ಡಬ್ಬಿಯಲ್ಲಿ ಸುತ್ತಿಗೆ ಒಂದೇ ಕಿಡಿ ಎಂದು ಸೆಟ್ ಆಗಿದೆ. ಅದಕ್ಕೆ 3000ವನ್ನು ಅದು 6000 ಎಂದುಕೊಳ್ಳುತ್ತಿದೆ. ಸಿಲಿಂಡರ್ ಎಷ್ಟು ಎಂದು ಹೇಳುವ ಸ್ವಿಚ್ ಅಥವಾ ಕತ್ತರಿಸುವ ಲೂಪ್ ವೈರ್ ಡಬ್ಬಿಯಲ್ಲಿ ಇರುತ್ತದೆ, ಅದನ್ನು ನಾಲ್ಕು ಸಿಲಿಂಡರ್‌ಗೆ ಇಡಿ.

ನಿಮ್ಮ ಪುಣ್ಯ, ತಪ್ಪು ಈ ಕಡೆ ಆಗಿದೆ. ಇದೇ ತಪ್ಪು ತಿರುಗುಮುರುಗಾಗಿದ್ದರೆ 6000ಕ್ಕೆ ಇಟ್ಟದ್ದು 12,000ಕ್ಕೆ ಕಟ್ ಆಗುತ್ತಿತ್ತು. ಅಂದರೆ ಲಿಮಿಟರ್ ಇಲ್ಲದ ಹಾಗೆಯೇ. ಅದಕ್ಕೇ ನಾನು ಯಾವ ಡಬ್ಬಿ ಹಾಕಿದರೂ ಮೊದಲು 2500ಕ್ಕೆ ಇಡುತ್ತೇನೆ. ನ್ಯೂಟ್ರಲ್‌ನಲ್ಲಿ ನಿಧಾನ ಆಕ್ಸಿಲರೇಟರ್ ಕೊಟ್ಟು, ಮೀಟರ್ ಮುಳ್ಳು ಸರಿಯಾಗಿ ಅಲ್ಲೇ ನಿಲ್ಲುತ್ತದೆಯೇ ನೋಡಿ, ಆಮೇಲೆ ಮೇಲಕ್ಕೆ ಏರಿಸುತ್ತೇನೆ.

ನಿಮ್ಮ ಗಾಡಿಗೆ ಇದು ಒಳ್ಳೆಯದೇ. ಕಾರ್ಬುರೇಟರ್‌ನಲ್ಲಿ ಪೆಟ್ರೋಲನ್ನು ಆ ಕ್ಷಣಕ್ಕೆ ನಿಲ್ಲಿಸಲು ಆಗುವುದಿಲ್ಲ, ಕಿಡಿ ಕತ್ತರಿಸುವುದೊಂದೇ ದಾರಿ. ಅರ್ಥ್ ವೈರನ್ನು ಬಣ್ಣ ಹೊಡೆದ ಬೋಲ್ಟ್‌ಗೆ ಕಟ್ಟಬೇಡಿ, ಉಜ್ಜಿ ಬಿಳಿ ಲೋಹ ಕಾಣಿಸಿ ಇಂಜಿನ್ ಬ್ಲಾಕ್‌ಗೇ ಕೊಡಿ. ಪವರ್ ವೈರ್‌ಗೆ ಫ್ಯೂಸ್ ಇರಲಿ. ಸಿಗ್ನಲ್ ವೈರ್ ಪ್ಲಗ್ ವೈರ್‌ಗಳ ಜೊತೆ ಒಂದೇ ಕಟ್ಟಿನಲ್ಲಿ ಹೋಗದಿರಲಿ. ಜೋಡಣೆಗೆ ಒಳ್ಳೆ ಕ್ರಿಂಪ್ ಮತ್ತು ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಬೆಸುಗೆ ಹಾಕಿದ ಜಾಗದ ಪಕ್ಕದಲ್ಲೇ ವೈರ್ ಗಡಸಾಗಿ, ಇಂಜಿನ್ ನಡುಕಕ್ಕೆ ಮುರಿದದ್ದನ್ನು ಬಹಳ ನೋಡಿದ್ದೇನೆ.

ಪ್ರಶ್ನೆ (ಧಾರವಾಡದ ಸದಸ್ಯರು):

ನನ್ನ ಹತ್ತಿರ ಹೋಂಡಾ ಸಿಟಿ 1.5 ವಿಟೆಕ್ ಇದೆ, 2002ರದ್ದು. ಟ್ರ್ಯಾಕ್‌ಗೆ ಮಾತ್ರ ಒಯ್ಯುತ್ತೇನೆ. ಕಂಪನಿ ಮಿತಿಗಿಂತ ಇನ್ನೊಂದು 1000 ಜಾಸ್ತಿ ಹೋಗುವಂತೆ ಲಿಮಿಟರ್ ಹಾಕಿಸಬೇಕು. ಯಾವ ಡಬ್ಬಿ ತೆಗೆದುಕೊಳ್ಳಲಿ?

ಉತ್ತರ:

ಯಾವ ಡಬ್ಬಿಯಿಂದಲೂ ಆಗುವುದಿಲ್ಲ ಸರ್. ಹೊರಗಿನ ಡಬ್ಬಿ ಮಿತಿಯನ್ನು ಇಳಿಸುತ್ತದೆ, ಏರಿಸುವುದಿಲ್ಲ. ಇಸಿಯು ತನ್ನ ಮಿತಿಗೆ ಬಂದ ಕೂಡಲೇ ಪೆಟ್ರೋಲ್ ನಿಲ್ಲಿಸಿಯೇ ಬಿಡುತ್ತದೆ. ಏರಿಸಬೇಕೆಂದರೆ ಇಸಿಯು ಪ್ರೋಗ್ರಾಂ ಬದಲಾಗಬೇಕು, ಇಲ್ಲವೇ ಬೇರೆ ಇಸಿಯು ಕೂರಿಸಬೇಕು.

ಆದರೆ ಏರಿಸುವ ಮೊದಲು ಇಂಜಿನ್ ಅದನ್ನು ತಾಳುತ್ತದೆಯೇ ಎಂದು ಕೇಳಿಕೊಳ್ಳಿ. ಕನೆಕ್ಟಿಂಗ್ ರಾಡ್ ಮತ್ತು ಅದರ ಬೋಲ್ಟ್‌ಗಳನ್ನು ಪಿಸ್ಟನ್ ಜಗ್ಗುವ ಬಲ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. 6000ದಿಂದ 7000ಕ್ಕೆ ಹೋದರೆ ಆರ್‌ಪಿಎಂ ಏರಿದ್ದು ಶೇ. 17ರಷ್ಟು, ಆ ಬಲ ಏರಿದ್ದು ಶೇ. 36. ಇನ್ನು ವಾಲ್ವ್ ಸ್ಪ್ರಿಂಗ್. 20 ವರ್ಷ ದಾಟಿದ ಸ್ಪ್ರಿಂಗ್ ಸಡಿಲವಾಗಿರುತ್ತದೆ. ಒಂದು ವೇಗ ಮೀರಿದರೆ ವಾಲ್ವನ್ನು ಹೊತ್ತಿಗೆ ಸರಿಯಾಗಿ ಮುಚ್ಚಲು ಅದಕ್ಕೆ ಆಗುವುದಿಲ್ಲ, ವಾಲ್ವ್ ತೇಲಿದಂತೆ ತೆರೆದೇ ಇರುತ್ತದೆ. ಈ ಇಂಜಿನ್‌ನಲ್ಲಿ ಪಿಸ್ಟನ್ ಮತ್ತು ವಾಲ್ವ್ ನಡುವೆ ಜಾಗ ಕಡಿಮೆ. ತೆರೆದ ವಾಲ್ವ್‌ಗೆ ಪಿಸ್ಟನ್ ಬಡಿದರೆ ಹೆಡ್ ಹೋಯಿತು. ಟೈಮಿಂಗ್ ಬೆಲ್ಟ್ ತುಂಡಾದರೂ ಇದೇ ಗತಿ, ಬೆಲ್ಟ್ ಬದಲಿಸಿ ಎಷ್ಟು ವರ್ಷವಾಯಿತು ಮೊದಲು ನೋಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಹೊಸ ಸ್ಪ್ರಿಂಗ್ ಬೀಳುವ ತನಕ ಮಿತಿಯನ್ನು ಕಂಪನಿಯದಕ್ಕಿಂತ 300 ಕೆಳಗೆ ಇಡಿ. ಇಂಥ ಇಂಜಿನ್ ಈಗ ಸುಲಭಕ್ಕೆ ಸಿಗುವುದಿಲ್ಲ. ಪವರ್ ಇಳಿಯಲು ಶುರುವಾದ ಮೇಲೆ ಇನ್ನೂ ತಿರುಗಿಸಿದರೆ ಬರೀ ಸದ್ದು ಬರುತ್ತದೆ, ಮುಂದಿನ ಗೇರ್ ಹಾಕಿದರೆ ಗಾಡಿ ಮುಂದೆ ಹೋಗುತ್ತದೆ.

ಅದೇ ಸದಸ್ಯರು:

ಸರಿ ಸರ್, 300 ಕೆಳಗೇ ಇಡಿಸುತ್ತೇನೆ. ಆಮೇಲೆ ಇಂಜಿನ್‌ಗೆ ಏನೂ ಆಗುವುದಿಲ್ಲ ಅಲ್ವಾ?

ಉತ್ತರ:

ಗೇರ್ ಇಳಿಸುವಾಗ ಮಾಡುವ ತಪ್ಪಿಗೆ ಯಾವ ಲಿಮಿಟರ್ ಕೂಡ ಅಡ್ಡ ಬರುವುದಿಲ್ಲ. ನಾಲ್ಕನೇ ಗೇರಿನ ಅನುಪಾತ 1.0, ಎರಡನೆಯದು 1.9 ಎಂದಿಟ್ಟುಕೊಳ್ಳಿ. ನಾಲ್ಕರಲ್ಲಿ 5000ದಲ್ಲಿ ಹೋಗುತ್ತಿದ್ದೀರಿ, ಅವಸರದಲ್ಲಿ ಎರಡಕ್ಕೆ ಬಿದ್ದು ಕ್ಲಚ್ ಬಿಟ್ಟಿರಿ. ಇಂಜಿನ್ 9500ಕ್ಕೆ ಹೋಗುತ್ತದೆ. ಆಗ ಇಂಜಿನ್ ತಿರುಗಿಸುತ್ತಿರುವುದು ಪೆಟ್ರೋಲ್ ಅಲ್ಲ, ಚಕ್ರಗಳು. ಕಿಡಿ, ಪೆಟ್ರೋಲ್ ಎರಡೂ ನಿಲ್ಲಿಸಿದರೂ ತಡೆಯಲಾಗದು. ಗೇರ್ ಲಿವರ್‌ನ ಬುಶ್ ಸವೆದಿದ್ದರೆ ಬದಲಿಸಿ, ಇಂಥ ತಪ್ಪು ಅರ್ಧ ಅಲ್ಲಿಂದಲೇ ಶುರುವಾಗುತ್ತದೆ.

ಪ್ರಶ್ನೆ (ಗದಗದ ಸದಸ್ಯರು):

ಪೋಲೊ ಜಿಟಿ 1.2 ಟಿಎಸ್‌ಐ, 7 ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್). ಇದಕ್ಕೆ ಲಾಂಚ್ ಹಾಕಿಸಬಹುದಾ? ನನ್ನ ಗೆಳೆಯ ಅವನ ಡೀಸೆಲ್ ಗಾಡಿಗೂ ಕೇಳುತ್ತಿದ್ದಾನೆ.

ಉತ್ತರ:

ಆ ಡಿಎಸ್‌ಜಿಯ ಎರಡೂ ಕ್ಲಚ್ ಒಣ ಕ್ಲಚ್, ತಂಪು ಮಾಡಲು ಆಯಿಲ್ ಇಲ್ಲ. ಅದು ತಾಳುವ ಟಾರ್ಕ್ (ತಿರುಗಿಸುವ ಬಲ) 250 ಎನ್‌ಎಂ ಎಂದು ತಯಾರಕರೇ ಮಿತಿ ಇಟ್ಟಿದ್ದಾರೆ. ಬೇಡ. ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಕಿಡಿಯೂ ಇಲ್ಲ, ಡಬ್ಬಿ ಏನನ್ನು ಕತ್ತರಿಸಬೇಕು? ಗೆಳೆಯರು ಹಣ ಉಳಿಸಿಕೊಳ್ಳಲಿ.

ಪ್ರಶ್ನೆ (ನವನಗರದ ಸದಸ್ಯರು ಮತ್ತೆ):

ಅಣ್ಣಾರೆ, ಡಬ್ಬಿ ವಾಪಸ್ ಹಾಕಿದೆ. ಇಸಿಯು ಒಳಗೇ ಮಾಡಿಕೊಡುತ್ತೇವೆ ಎಂದು ಬೆಂಗಳೂರಿನವರು ಒಪ್ಪಿದ್ದಾರೆ. ಎಷ್ಟು ಆರ್‌ಪಿಎಂಗೆ ಇಡಲು ಹೇಳಲಿ? ಮಾಡಿಸಿದ ಮೇಲೆ ರಾತ್ರಿ ಬೈಪಾಸ್‌ನಲ್ಲಿ ಒಂದು ಸಲ ಟೆಸ್ಟ್ ಮಾಡಿದರೆ ನಡೆಯುತ್ತದಾ?

ಉತ್ತರ:

ಬೈಪಾಸ್‌ನಲ್ಲಿ ಬೇಡ ತಮ್ಮಾ. ಗಬ್ಬೂರಿನಿಂದ ನರೇಂದ್ರದವರೆಗೆ ಆ ರಸ್ತೆ ಎಷ್ಟು ಮನೆಯ ದೀಪ ಆರಿಸಿದೆ ಎಂದು ನಮ್ಮ ಊರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಗೋಕುಲ ರೋಡ್‌ನಲ್ಲೂ ಬೇಡ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ರಸ್ತೆಯಲ್ಲಿ ರೇಸ್ ಮತ್ತು ವೇಗದ ಪರೀಕ್ಷೆ ಎರಡೂ ಅಪರಾಧ: ಮೂರು ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಾಡಿಯನ್ನು ಕಾಯ್ದೆ ಒಪ್ಪದಂತೆ ಬದಲಾಯಿಸಿದ ಮಾಲೀಕರಿಗೆ 182ಎ ಕಲಂ ಬೇರೆ ಇದೆ, ಅಲ್ಲಿ ಒಂದೊಂದು ಬದಲಾವಣೆಗೂ 5000 ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಟ್ರ್ಯಾಕ್ ದಿನ ನೋಡಿಕೊಂಡು ಹೋಗು. ನಮ್ಮ ಊರ ಪಕ್ಕ ಹಾದು ಹಾವೇರಿ ಕಡೆ ಹೋಗುವ ಇದೇ 48ನೇ ಹೆದ್ದಾರಿ ಬೆಂಗಳೂರು ದಾಟಿ ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈ ಟ್ರ್ಯಾಕ್ ತನಕ ಹೋಗುತ್ತದೆ. ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ. ದೂರ ನಿಜ. ಆದರೆ ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಆಂಬುಲೆನ್ಸ್ ಬದಿಯಲ್ಲೇ ನಿಂತಿರುತ್ತದೆ.

ಆರ್‌ಪಿಎಂ ವಿಷಯ. ನಿನ್ನದು ಮುಂದಿನ ಚಕ್ರ ಎಳೆಯುವ ಗಾಡಿ. ಜೋರಾಗಿ ಹೊರಟಾಗ ಭಾರ ಹಿಂದಕ್ಕೆ ಹೋಗುತ್ತದೆ, ಮುಂದಿನ ಟೈರ್ ಹಗುರಾಗಿ ಸುಮ್ನೆ ಸುತ್ತುತ್ತದೆ. ವಿಡಿಯೊ ನೋಡಿ 4500 ಕೇಳಬೇಡ. 2800ರಿಂದ ಶುರು ಮಾಡು, ಟೈರ್ ಹಿಡಿಯುತ್ತಿದ್ದರೆ 200ರಂತೆ ಏರಿಸು. ಎರಡು ಲಾಂಚ್ ನಡುವೆ ಐದಾರು ನಿಮಿಷ ಗಾಡಿ ನಿಧಾನಕ್ಕೆ ಓಡಲಿ. ಟರ್ಬೊ, ಕ್ಲಚ್ ಎರಡೂ ತಂಪಾಗಬೇಕು. ಕಂಪನಿ ಕ್ಲಚ್ 175 ಎನ್‌ಎಂ ಇಂಜಿನ್‌ಗೆಂದು ಮಾಡಿದ್ದು. ಅದರಲ್ಲಿ ಸ್ವಲ್ಪ ಉಳಿಕೆ ಇತ್ತು, ರಿಮ್ಯಾಪ್ ಅದನ್ನು ಆಗಲೇ ತಿಂದಿದೆ. ಸುಟ್ಟ ವಾಸನೆ ಬಂತೆಂದರೆ ಅವತ್ತಿಗೆ ಸಾಕು.

ಬೆಂಗಳೂರಿಗೆ ಹೋಗುವ ಮೊದಲು ಶೆಡ್‌ಗೆ ಬಂದು ಹೋಗು. ಕ್ಲಚ್ ಪೆಡಲ್ ಸ್ವಿಚ್ ಸರಿ ಇದೆಯೇ ನೋಡೋಣ. ಪೆಡಲ್ ಪೂರ್ತಿ ಒತ್ತಿದಾಗ ಬದಲಾಗುತ್ತದೆಯೋ, ಅರ್ಧಕ್ಕೇ ಬದಲಾಗುತ್ತದೆಯೋ ಎಂದು ಸ್ಕ್ಯಾನರ್‌ನಲ್ಲಿ ಕಾಣುತ್ತದೆ. ಎರಡು ಮಿತಿಯ ನಡುವೆ ಹೋಗಿಬರುವುದು ಆ ಸ್ವಿಚ್ ಮೇಲೆಯೇ. ಡ್ರೈವ್‌ಶಾಫ್ಟ್‌ನ ರಬ್ಬರ್ ಬೂಟ್ ಹರಿದಿದ್ದರೆ ಅದನ್ನೂ ಅವತ್ತೇ ಬದಲಿಸಿಬಿಡೋಣ.