ಕೆಲಸ ಬಿಟ್ಟು ಕೃತಕ ಬುದ್ಧಿಮತ್ತೆಯಲ್ಲಿ ಎಂ.ಟೆಕ್ ಮಾಡುವುದು ಎಷ್ಟು ಸರಿ?

ಭದ್ರಾನಾಲೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿ. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್‌ನಲ್ಲಿ ಬಿ.ಇ. ಮುಗಿಸಿ, ಮೂರು ವರ್ಷಗಳಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ. ಎಐ ಕಡೆಗೆ ಹೊರಳಬೇಕೆಂದು ಕಳೆದ ವರ್ಷ ಸಾಲ ಮಾಡಿ ಒಂಬತ್ತು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸೊಂದನ್ನು ಮುಗಿಸಿದೆ. ಅಲ್ಲಿ ನಾವು ಮಾಡಿದ್ದು ಬಹುಪಾಲು ಸಿದ್ಧ ಕೋಡನ್ನು ಒಂದರ ಕೆಳಗೊಂದು ಓಡಿಸಿ, ಬಂದ ಗ್ರಾಫ್ ನೋಡುವ ಕೆಲಸ. ಎರಡು ತಿಂಗಳ ಹಿಂದೆ ಒಂದು ಸಂದರ್ಶನದಲ್ಲಿ, ಹೌದು-ಇಲ್ಲ ಎಂದು ಊಹಿಸುವ ಸರಳ ಮಾಡೆಲ್ ಆದ ಲಾಜಿಸ್ಟಿಕ್ ರಿಗ್ರೆಷನ್‌ನ ಗ್ರೇಡಿಯೆಂಟನ್ನು (ಮಾಡೆಲಿನ ಒಳಗಿನ ಸಂಖ್ಯೆಗಳನ್ನು ಬದಲಿಸಿದರೆ ತಪ್ಪು ಎಷ್ಟು ಬದಲಾಗುತ್ತದೆ ಎನ್ನುವ ಲೆಕ್ಕ) ಬೋರ್ಡಿನ ಮೇಲೆ ಬಿಡಿಸಿ ತೋರಿಸಿ ಎಂದರು. ಆ ಮಾಡೆಲನ್ನು ಹತ್ತಾರು ಸಲ ಓಡಿಸಿದ್ದ ನಾನು ಮಾರ್ಕರ್ ಹಿಡಿದು ನಿಂತವನು ನಿಂತೇ ಇದ್ದೆ.

ಇನ್ನಾದರೂ ಬುಡದಿಂದ ಓದಬೇಕೆನಿಸಿದೆ. ಕಾಣುತ್ತಿರುವುದು ಮೂರು ದಾರಿ: ಎಂ.ಟೆಕ್ ಪ್ರವೇಶಕ್ಕಿರುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆ ಬರೆದು ಇಲ್ಲಿಯೇ ಎರಡು ವರ್ಷದ ಎಂ.ಟೆಕ್ ಮಾಡುವುದು, ಜರ್ಮನಿಗೆ ಹೋಗುವುದು, ಇಲ್ಲವೇ ಕೆಲಸದಲ್ಲಿದ್ದುಕೊಂಡೇ ಅಮೆರಿಕದ ಯಾವುದಾದರೂ ವಿಶ್ವವಿದ್ಯಾಲಯದ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಸೇರುವುದು. ನನಗೀಗ 26 ವರ್ಷ. ಅಪ್ಪನಿಗಿರುವುದು ಮೂರು ಎಕರೆ ಗದ್ದೆ; ನಾಲೆಗೆ ನೀರು ಬಿಟ್ಟ ವರ್ಷ ಬೆಳೆ, ಬಿಡದ ವರ್ಷ ಇಲ್ಲ. ಕೈಯಲ್ಲಿರುವ ಕೆಲಸ ಬಿಡಬೇಡ ಎನ್ನುವುದು ಅವರ ಮಾತು, ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಈ ದಾರಿಗಳಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಹಳೆಹಾಸ್ಟೆಲ್

ನಾನು ನಾಲ್ಕು ವರ್ಷ ಕೆಲಸ ಮಾಡಿ, ಅದನ್ನು ಬಿಟ್ಟು ಎಂ.ಟೆಕ್ ಮುಗಿಸಿದವನು. ಮೊದಲಿಗೆ ನಿಮ್ಮ ತಂದೆಯವರ ಮಾತು ಮತ್ತು ಗೇಟ್ ಪರೀಕ್ಷೆ ಒಂದಕ್ಕೊಂದು ಅಡ್ಡವಲ್ಲ ಎಂಬುದನ್ನು ಗಮನಿಸಿ. ಪರೀಕ್ಷೆಯನ್ನು ಕೆಲಸದಲ್ಲಿದ್ದುಕೊಂಡೇ ಬರೆಯಬಹುದು, ಒಮ್ಮೆ ಬಂದ ಸ್ಕೋರು ಫಲಿತಾಂಶದ ದಿನದಿಂದ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ರಾಜೀನಾಮೆಯ ಪ್ರಶ್ನೆ ಬರುವುದು ಸೀಟು ಕೈಗೆ ಸಿಕ್ಕ ಮೇಲೆ.

ಗೇಟ್‌ನಲ್ಲಿ ಡೇಟಾ ಸೈನ್ಸ್ ಮತ್ತು ಎಐಗಾಗಿಯೇ ಇರುವ ಡಿಎ ಪತ್ರಿಕೆ ಮೊದಲು ಬಂದದ್ದು 2024ರಲ್ಲಿ, ಆ ವರ್ಷ ಪರೀಕ್ಷೆ ನಡೆಸಿದ್ದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಹಳೆಯ ಬೆಂಗಳೂರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಮೂರು ಗಂಟೆಯ, 100 ಅಂಕಗಳ ಪತ್ರಿಕೆ. ಅದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ. ಉಳಿದದ್ದು ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ, ಲೀನಿಯರ್ ಆಲ್ಜೀಬ್ರಾ, ಕಲನಶಾಸ್ತ್ರ ಮತ್ತು ಆಪ್ಟಿಮೈಸೇಷನ್, ಪೈಥಾನ್ ಹಾಗೂ ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ಮೆಷಿನ್ ಲರ್ನಿಂಗ್ ಮತ್ತು ಎಐ. ಇಸಿ ಓದಿದವರಿಗೆ ಮೊದಲಿನ ಮೂರು ಹೊಸದಲ್ಲ, ಮರೆತಿರುತ್ತದೆ ಅಷ್ಟೆ. ಡೇಟಾ ಸ್ಟ್ರಕ್ಚರ್ ಮತ್ತು ಡೇಟಾಬೇಸ್‌ಗೆ ಮಾತ್ರ ನೀವು ಹೆಚ್ಚು ಬೆವರು ಸುರಿಸಬೇಕಾದೀತು. ಸೀಟು ಸಿಕ್ಕರೆ ಗೇಟ್ ಮೂಲಕ ಬಂದ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ತಿಂಗಳಿಗೆ 12,400 ರೂಪಾಯಿ ವೇತನವಿದೆ. ಮನೆಗೆ ಕಳಿಸುವಷ್ಟಲ್ಲ, ಆದರೆ ಹಾಸ್ಟೆಲ್ಲಿನಲ್ಲಿದ್ದರೆ ಮನೆಯಿಂದ ತರಿಸಿಕೊಳ್ಳಬೇಕಾಗಿಯೂ ಇಲ್ಲ.

ಎರಡು ವರ್ಷಗಳಲ್ಲಿ ನನಗೆ ನಿಜವಾಗಿ ದಕ್ಕಿದ್ದು ಎರಡನೆಯ ವರ್ಷದ ಪ್ರಾಜೆಕ್ಟಿನಲ್ಲಿ. ನನ್ನದು ಕನ್ನಡ ಪಠ್ಯದ ಮೇಲಿನ ಕೆಲಸವಾಗಿತ್ತು. ಇಂಗ್ಲಿಷನ್ನೇ ಹೆಚ್ಚಾಗಿ ಉಂಡು ಬೆಳೆದ ಒಂದು ಮಾಡೆಲ್‌ಗೆ ‘ಮನೆಯವರೊಂದಿಗಿದ್ದಾಗಲೂ’ ಎಂಬ ಪದ ಕೊಟ್ಟರೆ, ಪಠ್ಯವನ್ನು ಮಾಡೆಲ್ ಓದುವ ತುಣುಕುಗಳನ್ನಾಗಿ ಒಡೆಯುವ ಟೋಕನೈಸರ್ ಅದನ್ನು ಅಕ್ಷರಕ್ಕಿಂತ ಚಿಕ್ಕ ಚೂರುಗಳನ್ನಾಗಿ ಕತ್ತರಿಸಿ ಹಾಕುತ್ತಿತ್ತು. ಕಾರಣ ಹುಡುಕುತ್ತ ಹೋದಾಗ ಗೊತ್ತಾಯಿತು: ನಮಗೆ ‘ಕ್ಷ’ ಒಂದೇ ಅಕ್ಷರವಾಗಿ ಕಂಡರೂ ಕಂಪ್ಯೂಟರಿನ ಅಕ್ಷರ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಅದು ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತಗಳ ಜೋಡಣೆ, ಅವುಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್‌ನಂತೆ ಒಟ್ಟು ಒಂಬತ್ತು ಬೈಟ್, ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಮೇಲಾಗಿ ವಿಭಕ್ತಿ, ಕಾಲ, ‘ಊ’ ಪ್ರತ್ಯಯ ಎಲ್ಲವೂ ಒಂದೇ ಪದದ ಬಾಲಕ್ಕೆ ಬಂದು ಅಂಟಿಕೊಳ್ಳುವ ಭಾಷೆ ನಮ್ಮದು. ಇದನ್ನು ತಿಳಿಯಲು ನನಗೆ ಒಂದು ಸೆಮಿಸ್ಟರಿನ ಅರ್ಧ ಹಿಡಿಯಿತು, ತಪ್ಪು ದಾರಿ ಹಿಡಿದಾಗಲೆಲ್ಲ ಗೈಡ್ ಎದುರು ಕುಳಿತು ಪ್ರಶ್ನೆ ಕೇಳುತ್ತಿದ್ದರು. ವಿಡಿಯೊ ಪಾಠದಲ್ಲಿ ಅದು ಸಿಗುವುದಿಲ್ಲ.

ಸಾಲುದೀಪ

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸುವವಳು. ಹಿಂದಿನ ಉತ್ತರ ಒಪ್ಪುತ್ತೇನೆ, ಆದರೆ ಅದು ಒಳ್ಳೆಯ ಗೈಡ್ ಸಿಕ್ಕವರ ಅನುಭವ ಎಂಬುದನ್ನು ಮರೆಯಬಾರದು. ಪದವಿಯ ಹೆಸರಿನಲ್ಲಿ ಎಐ ಎಂದಿದ್ದ ಮಾತ್ರಕ್ಕೆ ಒಳಗೆ ಅದಿರುತ್ತದೆಂದು ನಂಬಬೇಡಿ. ನಾನು ಬಲ್ಲ ಒಂದು ಕಾಲೇಜಿನಲ್ಲಿ ವಿಭಾಗದ ಬೋರ್ಡು ಬದಲಾಯಿತು, ಪಾಠ ಮಾಡುವವರೂ ಲ್ಯಾಬೂ ಹಳೆಯವೇ ಉಳಿದವು. ಹೊಸ ವಿಷಯವನ್ನು ಆ ವರ್ಷವಷ್ಟೇ ತಾವೂ ಓದಿಕೊಂಡು ಕಲಿಸಬೇಕಾಗಿ ಬಂದ ಸಹೋದ್ಯೋಗಿಗಳ ಪಾಡು ನೋಡಿ ನನಗೇ ಬೇಸರವಾಗಿತ್ತು. ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಮೂಲಕ ಇಲ್ಲಿನ ಕಾಲೇಜಿಗೆ ಸೇರುವ ಯೋಚನೆಯಿದ್ದರೆ, ಅಲ್ಲಿ ಕಲಿಸುವವರು ಕಳೆದ ಮೂರು ವರ್ಷಗಳಲ್ಲಿ ಏನು ಪ್ರಕಟಿಸಿದ್ದಾರೆ, ಹಿಂದಿನ ಬ್ಯಾಚಿನವರ ಪ್ರಬಂಧಗಳ ವಿಷಯವೇನು ಎಂದು ಕೇಳಿ ತಿಳಿದುಕೊಳ್ಳಿ. ಶುಲ್ಕ ಕಟ್ಟುವವನಿಗೆ ಹಾಗೆ ಕೇಳುವ ಹಕ್ಕಿದೆ, ಸಂಕೋಚಪಡಬೇಕಾಗಿಲ್ಲ.

ಇನ್ನು ನೀವು ಬೋರ್ಡಿನ ಮುಂದೆ ನಿಂತ ವಿಷಯ. ಯಾವ ದಾರಿ ಹಿಡಿಯುವ ಮೊದಲೂ ಆ ಲೆಕ್ಕವನ್ನು ಕಾಗದದ ಮೇಲೆ ಮುಗಿಸಿ ಎಂದು ನನ್ನ ಸಲಹೆ. ಯಾವ ಸಂಖ್ಯೆಯನ್ನೂ 0 ಮತ್ತು 1ರ ನಡುವೆ ತರುವ ಸಿಗ್ಮಾಯ್ಡ್‌ನ ಅವಕಲನವನ್ನು ಮೊದಲು ಬಿಡಿಸಿಟ್ಟುಕೊಳ್ಳಿ, ನಂತರ ಊಹೆ ಎಷ್ಟು ತಪ್ಪಿತೆಂದು ಅಳೆಯುವ ಲಾಗ್ ನಷ್ಟದ ಅವಕಲನಕ್ಕೆ ಸರಪಳಿ ನಿಯಮ ಹಚ್ಚಿ. ಅರ್ಧ ಪುಟ ತುಂಬಿದ ಭಿನ್ನರಾಶಿಗಳೆಲ್ಲ ಒಂದನ್ನೊಂದು ಹೊಡೆದುಹಾಕಿ ಕೊನೆಗೆ ನಿಮ್ಮ ಬೆರಳಷ್ಟೇ ಉದ್ದದ ಉತ್ತರ ಉಳಿಯುತ್ತದೆ. ಸರಿಯಿದೆಯೇ ಎಂದು ನೋಡಲು ಒಂದು ಲೆಕ್ಕ ಕೊಡುತ್ತೇನೆ: ಇನ್‌ಪುಟ್ 2, ನಿಜವಾದ ಉತ್ತರ 1, ಮಾಡೆಲ್ ಊಹಿಸಿದ್ದು 0.8 ಆಗಿದ್ದರೆ, ತೂಕಕ್ಕೆ (ಇನ್‌ಪುಟ್ಟನ್ನು ಮಾಡೆಲ್ ಗುಣಿಸುವ ಸಂಖ್ಯೆಗೆ) ಸಂಬಂಧಿಸಿದ ಗ್ರೇಡಿಯೆಂಟ್ −0.4 ಬರಬೇಕು. ಇದು ನಿಮಗೆ ಖುಷಿ ಕೊಟ್ಟರೆ ಎರಡು ವರ್ಷ ಕೊಡಿ. ಬೇಸರ ತರಿಸಿದರೆ, ಟೆಸ್ಟಿಂಗ್‌ನಲ್ಲೇ ಮುಂದುವರಿಯುವುದೂ ಗೌರವದ ಕೆಲಸವೇ.

ಮಂಜಿನೂರು

ಜರ್ಮನಿಯ ಬಗ್ಗೆ ಹೇಳುತ್ತೇನೆ, ನಾನು ಇಲ್ಲಿಗೆ ಬಂದು ಎರಡನೆಯ ಚಳಿಗಾಲ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎನ್ನುವುದು ನಿಜ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೊ ಕಟ್ಟಬೇಕು, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಶುಲ್ಕ ಶುರುಮಾಡಿದೆ. ಶುಲ್ಕವಿಲ್ಲದಿದ್ದರೂ ವೀಸಾಕ್ಕಾಗಿ ಒಂದು ವರ್ಷದ ಜೀವನ ವೆಚ್ಚವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ತೋರಿಸಬೇಕು. ನಾನು ಕಟ್ಟಿದ್ದು 11,904 ಯೂರೊ. ಅದನ್ನು ತಿಂಗಳಿಗೆ 992ರಂತೆ ನಮಗೇ ಕೊಡುತ್ತಾರೆ. ಭಾರತದಿಂದ ಬರುವವರಿಗೆ 2022ರ ನವೆಂಬರ್‌ನಿಂದ ನಮ್ಮ ಅಂಕಪಟ್ಟಿಗಳು ಅಸಲಿಯೆಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ.

ನಿಮ್ಮಂಥ ಇಸಿಯವರಿಗೆ ನಿಜವಾದ ತೊಡಕು ಬೇರೆಡೆ ಇದೆ. ಇಲ್ಲಿಯವರು ಬಿ.ಇ. ಅಂಕಪಟ್ಟಿಯ ಒಂದೊಂದು ವಿಷಯವನ್ನೂ ತಮ್ಮ ಕೋರ್ಸಿನೊಂದಿಗೆ ತಾಳೆ ನೋಡುತ್ತಾರೆ. ಅಲ್ಗಾರಿದಮ್, ಥಿಯರಿ ಆಫ್ ಕಂಪ್ಯುಟೇಷನ್‌ನಂಥವುಗಳಲ್ಲಿ ಕ್ರೆಡಿಟ್ ಕಡಿಮೆಯಾದರೆ, ಎಂಟು ಸೆಮಿಸ್ಟರಿಗೂ ಡಿಸ್ಟಿಂಕ್ಷನ್ ಇದ್ದವರನ್ನೂ ಎಐ ಕೋರ್ಸಿಗೆ ತೆಗೆದುಕೊಳ್ಳದೆ ಬಿಡುವುದುಂಟು. ನನ್ನ ಮೊದಲ ಮೂರು ಅರ್ಜಿಗಳು ತಿರಸ್ಕೃತವಾದದ್ದು ಇದೇ ಕಾರಣಕ್ಕೆ. ಆದ್ದರಿಂದ ಪ್ರವೇಶದ ನಿಯಮಗಳಲ್ಲಿ ಕ್ರೆಡಿಟ್ ಕೋಷ್ಟಕವನ್ನು ಮೊದಲು ಓದಿ, ಊರು ಎಷ್ಟು ಚೆಂದ ಎಂಬುದನ್ನು ಆಮೇಲೆ ನೋಡಬಹುದು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ.

ರಾತ್ರಿಪಾಳಿ

ಆನ್‌ಲೈನ್ ದಾರಿಯಲ್ಲಿ ಈಗ ನಾನಿದ್ದೇನೆ. ಜಾರ್ಜಿಯಾ ಟೆಕ್ ತನ್ನ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಕೋರ್ಸನ್ನು 2014ರಲ್ಲಿಯೇ ಆರಂಭಿಸಿತು. ಎಐ ಹೆಸರಿನದೇ ಪದವಿ ಬೇಕೆಂದರೆ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ 2024ರಲ್ಲಿ ಒಂದನ್ನು ಶುರುಮಾಡಿದೆ. ಹತ್ತು ಕೋರ್ಸಿಗೆ ಸೇರಿ ಸುಮಾರು 10,000 ಡಾಲರ್. ಕೆಲಸ ಉಳಿಯುತ್ತದೆ, ಸಂಬಳದಿಂದಲೇ ಒಂದೊಂದು ಸೆಮಿಸ್ಟರಿನ ಹಣ ಕಟ್ಟಿಕೊಂಡು ಹೋಗಬಹುದು. ಆದರೆ ಇದನ್ನು ಅಮೆರಿಕಕ್ಕೆ ಹೋಗುವ ಏಣಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಮನೆಯಲ್ಲಿ ಕೂತು ಓದುವವರಿಗೆ ವಿದ್ಯಾರ್ಥಿ ವೀಸಾವೂ ಇಲ್ಲ, ಅದರ ಬೆನ್ನಿಗೆ ಬರುವ ಕೆಲಸದ ಅನುಮತಿಯೂ ಇಲ್ಲ. ಒಂದು ಕೋರ್ಸಿಗೆ ನನಗೆ ವಾರಕ್ಕೆ ಹದಿನೈದು ಗಂಟೆ ಹಿಡಿಯುತ್ತದೆ. ಬಿಡುವು ಸಿಗುವುದು ರಾತ್ರಿ ಊಟವಾದ ಮೇಲೆ, ಕಣ್ಣು ಎಳೆಯುವ ಹೊತ್ತಿನಲ್ಲಿ. ಒಂದು ಸಲ ಆಫೀಸಿನ ರಿಲೀಸ್ ಮತ್ತು ಪರೀಕ್ಷೆ ಒಂದೇ ವಾರ ಬಂದು ಕೋರ್ಸನ್ನೇ ಕೈಬಿಟ್ಟೆ, ಕಟ್ಟಿದ ಹಣ ಹೋಯಿತು.

ಭದ್ರಾನಾಲೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿ. ನನ್ನ ಅಂಕಪಟ್ಟಿಯನ್ನು ಎರಡು ಜರ್ಮನ್ ವಿಶ್ವವಿದ್ಯಾಲಯಗಳ ಕೋಷ್ಟಕದ ಪಕ್ಕದಲ್ಲಿಟ್ಟು ನೋಡಿದೆ, ಕಂಪ್ಯೂಟರ್ ವಿಷಯಗಳಲ್ಲಿ ಅರ್ಧದಷ್ಟೂ ಆಗುವುದಿಲ್ಲ; ಅದನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಕೆಲಸದಲ್ಲಿದ್ದುಕೊಂಡೇ ಡಿಎ ಪತ್ರಿಕೆ ಬರೆಯುತ್ತೇನೆ, ಸೀಟು ಬಂದ ದಿನ ಅಪ್ಪನೊಂದಿಗೆ ಮತ್ತೆ ಕೂತು ಮಾತಾಡುತ್ತೇನೆ. ಪರೀಕ್ಷೆ ಬರೆಯುವುದಕ್ಕೆ ಅವರ ತಕರಾರಿಲ್ಲ.

ಸಾಲುದೀಪ ಮೇಡಂ, ನೀವು ಕೊಟ್ಟ ಲೆಕ್ಕವನ್ನು ನಿನ್ನೆ ರಾತ್ರಿ ಕೂತು ಮಾಡಿದೆ. ಭಿನ್ನರಾಶಿಗಳು ನೀವು ಹೇಳಿದಂತೆಯೇ ಹೊಡೆದುಹೋದವು, ಆದರೆ ನನಗೆ −0.4ರ ಬದಲು +0.4 ಬಂದಿದೆ. ಮೂರು ಸಲ ತಿದ್ದಿದರೂ ಅದೇ. ಎಲ್ಲಿ ಎಡವಿದೆ ಎಂದು ತಿಳಿಯುತ್ತಿಲ್ಲ.

ಸಾಲುದೀಪ

ನೀವು ಅವಕಲನ ತೆಗೆದದ್ದು ಲಾಗ್ ಲೈಕ್ಲಿಹುಡ್‌ನದು, ಅಂದರೆ ನಿಜವಾದ ಉತ್ತರಕ್ಕೆ ಮಾಡೆಲ್ ಕೊಡುವ ಸಂಭವನೀಯತೆಯ ಲಾಗ್‌ನದು. ಅದನ್ನು ನಾವು ಹೆಚ್ಚಿಸಬೇಕು, ನಷ್ಟವನ್ನು ಕಡಿಮೆ ಮಾಡಬೇಕು. ನಷ್ಟವೆಂದರೆ ಅದರದೇ ಋಣಾತ್ಮಕ. ಮೊದಲ ಸಾಲಿಗೆ ಒಂದು ಮೈನಸ್ ಹಾಕಿ ಮತ್ತೆ ಮಾಡಿ. ಉಳಿದ ಹೆಜ್ಜೆಗಳೆಲ್ಲ ಸರಿಯಿರಲೇಬೇಕು, ಇಲ್ಲದಿದ್ದರೆ 0.4 ಬರುತ್ತಿರಲಿಲ್ಲ.