ಆರ್ಕ್ಟಿಕ್ ದಾರಿ ಇಷ್ಟು ಹತ್ರ ಇದ್ರೂ ಹಡಗುಗಳು ಸೂಯೆಜ್ ಯಾಕೆ ಬಿಡ್ತಿಲ್ಲ?

ಭೂಪಟಪ್ರಿಯ: 2025ರಲ್ಲಿ ಇಸ್ತಾಂಬುಲ್ ಬ್ರಿಡ್ಜ್ ಅನ್ನೋ ಕಂಟೇನರ್ ಹಡಗು ಚೀನಾದ ನಿಂಗ್ಬೋದಿಂದ ಹೊರಟು ರಷ್ಯಾದ ಉತ್ತರಕ್ಕಿರೋ ಹಿಮದ ಕಡಲಲ್ಲೇ ಹಾದು ಸುಮಾರು 20 ದಿನಕ್ಕೆ ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋ ಮುಟ್ಟಿತಲ್ಲ, ಸೂಯೆಜ್ ದಾರೀಲಿರೋ ಕೆಂಪು ಸಮುದ್ರದ ಗಲಾಟೆಗೆ (ಹಡಗುಗಳ ಮೇಲೆ ಯೆಮೆನ್‌ನ ಹೂತಿಗಳ ದಾಳಿ) ಹೆದರ್ಕೊಂಡು ಆಫ್ರಿಕಾ ಸುತ್ತಿ ಬರೋರಿಗೆ ಅದರ ಡಬಲ್ ಟೈಮ್ ಬೇಕು. ಮತ್ತೆ ಎಲ್ಲರೂ ಆ ಕಡೆ ಯಾಕೆ ತಿರುಗ್ತಿಲ್ಲ?

ಬಂದರುಕಟ್ಟೆ: ಮ್ಯಾಪ್ ನೋಡಿದ್ರೆ ಆಸೆ ಆಗುತ್ತೆ ಗುರೂ. ಯೊಕೊಹಾಮಾದಿಂದ ರಾಟರ್‌ಡ್ಯಾಮ್‌ಗೆ ಸೂಯೆಜ್ ಮೇಲೆ ಹೋದ್ರೆ ಸುಮಾರು 11,200 ನಾಟಿಕಲ್ ಮೈಲಿ, ಉತ್ತರದಲ್ಲಿ 7,300 ಆಸುಪಾಸು. ಆದ್ರೆ ಕಂಟೇನರ್ ಲೈನ್‌ಗಳಿಗೆ ದುಡ್ಡು ಹುಟ್ಟೋದೇ ನಡುವಿನ ಬಂದರುಗಳಲ್ಲಿ, ಸಿಂಗಾಪುರದಲ್ಲಿ ಒಂದಷ್ಟು ಇಳಿಸಿ ಕೊಲಂಬೊದಲ್ಲಿ ಒಂದಷ್ಟು ಹತ್ತಿಸ್ಕೊಂಡು ಹೇಳಿದ ದಿನಕ್ಕೆ ಹೇಳಿದ ಕಡೆ ಮುಟ್ಟಬೇಕು, ಸೈಬೀರಿಯಾ ಕರಾವಳೀಲಿ ಯಾರ ಮಾಲು ಕಾಯ್ತಾ ಇರುತ್ತೆ ಹೇಳಿ? ಇನ್ನೊಂದು, ಆ ಉತ್ತರದ ದಾರೀಲಿರೋ ಸನ್ನಿಕೋವ್ ಜಲಸಂಧಿಯಲ್ಲಿ ಆಳ 13 ಮೀಟರ್ ಹತ್ರ ಅಷ್ಟೇ. 2021ರಲ್ಲಿ ಸೂಯೆಜ್‌ನಲ್ಲಿ ಅಡ್ಡಡ್ಡ ಸಿಕ್ಕಿಹಾಕ್ಕೊಂಡಿತ್ತಲ್ಲ ಎವರ್ ಗಿವನ್, ಆ ಸೈಜಿನ ಹಡಗು ತುಂಬಿಸ್ಕೊಂಡು ಅಲ್ಲಿ ಹೋದ್ರೆ ತಳ ತಾಗುತ್ತೆ. 2018ರಲ್ಲಿ ಡೆನ್ಮಾರ್ಕಿನ ಹಡಗು ಕಂಪನಿ ಮೆರ್ಸ್ಕ್‌ನೋರು 3,600 ಕಂಟೇನರ್ ಹಿಡಿಯೋ ಒಂದು ಹಡಗು ಕಳ್ಸಿ ನೋಡಿದ್ರು, ಬರೀ ಟ್ರಯಲ್ ಅಂದು ಅಲ್ಲಿಗೇ ಬಿಟ್ರು.

ಹಿಮಕರಡಿ: ನೀವು ಕಂಟೇನರ್ ಒಂದನ್ನೇ ನೋಡ್ತಿದೀರ. ಆ ದಾರಿ ನಡೀತಿರೋದೇ ಸೈಬೀರಿಯಾದ ಉತ್ತರ ತುದೀಲಿರೋ ಯಮಾಲ್‌ನ ಗ್ಯಾಸು, ರಷ್ಯಾದ ಎಣ್ಣೆ ಮೇಲೆ.

ಬಂದರುಕಟ್ಟೆ: ಅದೇ ನಾನೂ ಹೇಳ್ತಿರೋದು, ಅದು ರಷ್ಯಾ ತನ್ನ ಮಾಲು ಹೊರಗೆ ಸಾಗಿಸೋ ದಾರಿ. 2024ಕ್ಕೆ 8 ಕೋಟಿ ಟನ್ ಆಗ್ಬೇಕು ಅಂತ ಪುಟಿನ್ 2018ರಲ್ಲಿ ಗುರಿ ಹಾಕಿದ್ರು, ಆಗಿದ್ದು 3.8 ಕೋಟಿ ಹತ್ರ. ಗಲಾಟೆಗೆ ಮುಂಚೆ ಸೂಯೆಜ್‌ನಲ್ಲಿ ವರ್ಷಕ್ಕೆ 100 ಕೋಟಿ ಟನ್ ಮೇಲೇ ಹೋಗ್ತಿತ್ತು! ಮಂಜುಗಡ್ಡೆ ಜಾಸ್ತಿ ಇದ್ರೆ ರಷ್ಯಾ ಸರ್ಕಾರದ ಅಣುಶಕ್ತಿ ಕಂಪನಿ ರೊಸಾಟಮ್‌ನ ಅಣು ಐಸ್‌ಬ್ರೇಕರ್ (ಮಂಜುಗಡ್ಡೆ ಒಡೆಯೋ ಹಡಗು) ಮುಂದೆ ಬೇಕು, ಅದಕ್ಕೆ ಫೀಸು ಬೇರೆ. 2021ರ ನವೆಂಬರ್‌ನಲ್ಲಿ ಮಂಜುಗಡ್ಡೆ ಬೇಗ ಕಟ್ಟಿ ಸುಮಾರು 20 ಹಡಗು ನಡುದಾರೀಲೇ ನಿಂತ್ವು, ಅಂಥ ಕಡೆ ಮಾಲು ಕಳ್ಸಿ ಗಿರಾಕಿಗೆ ಯಾವ ಡೇಟ್ ಹೇಳ್ತೀರ?

ಭೂಪಟಪ್ರಿಯ: ಸರಿ ಸರ್, ನಮ್ಗೇನಾದ್ರೂ ಉಪಯೋಗ ಇದ್ಯಾ? ನಮ್ಮ ಕಾಫಿ ಇಟಲಿಗೆ ಹೋಗುತ್ತಲ್ಲ.

ಕಾಫಿಬೀಜ: ಅದಕ್ಕಂತೂ ಇಲ್ಲ. ಮಂಗಳೂರಿಂದ ಇಟಲಿಗೆ ಆರ್ಕ್ಟಿಕ್ ಮೇಲೆ ಅಂದ್ರೆ ಕೊಂಕಣ ಸುತ್ತಿ ಮೈಲಾರಕ್ಕೆ ಹೋದಂಗೆ. ಚೆನ್ನೈಯಿಂದ ರಷ್ಯಾದ ಪೂರ್ವ ತುದಿಯ ಬಂದರು ವ್ಲಾಡಿವಾಸ್ಟಾಕ್‌ಗೆ ಹೋಗೋ ರೂಟ್ ಬಗ್ಗೆ ಮಾತಾಡ್ತಾರೆ, ಅದು ರಷ್ಯಾದ ಕಲ್ಲಿದ್ದಲು, ಎಣ್ಣೆ ತರೋಕೆ ಆದೀತು. ಕಾಫಿಯೋರಿಗೆ ಸೂಯೆಜ್ಜೇ ಗತಿ, ಅಲ್ಲಿ ಗಲಾಟೆ ಆದಾಗ ಬಾಡಿಗೆ ಏರೋದು ನಮ್ಮ ತಲೆ ಮೇಲೇ.